ಮೊಣಕಾಲ ಮೇಲೆ ಸುತ್ತಿದ ಪಟಗ

ಹೋದ ತಿಂಗಳು ಕೆಲಸ ಸಾಕುಮಾಡಿ ಮಸ್ಕಿಯ ನನ್ನ ಫಿಜಿಯೋಥೆರಪಿ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಮಾಲೀಕರ ಕೈಗಿಟ್ಟೆ. ವಾರ ಕಳೆಯುವಷ್ಟರಲ್ಲಿ ಸಿಂಧನೂರಿನಲ್ಲಿ ಫಿಜಿಯೋಥೆರಪಿ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕೂಡಿ ನನಗೊಂದು ಶಾಲು ಹೊದಿಸಿದರು. "ನಮಗೆ ನಾಕು ಒಳ್ಳೆ ಮಾತು ಹೇಳ್ರಿ ಮೇಡಂ" ಎಂದರು. ಹೇಳಿದೆ, ಚಹಾ ಕುಡಿದೆ, ಬಸ್ಸು ಹತ್ತಿದೆ. ಬಸ್ಸು ಕಾಲುವೆ ದಾಟುವಷ್ಟರಲ್ಲಿ ನನ್ನ ಮೇಲೇ ನನಗೆ ಸಿಟ್ಟು ಬಂತು. ಹೇಳಬೇಕಾದದ್ದನ್ನು ನುಂಗಿಕೊಂಡು ಬಂದಿದ್ದೆ.

ಆದ್ದರಿಂದ ಈಗ ಬರೆಯುತ್ತಿದ್ದೇನೆ. ಇದರಲ್ಲಿ ಆಸ್ಪತ್ರೆಯ ಹೆಸರಿಲ್ಲ, ಡಾಕ್ಟರುಗಳ ಹೆಸರೂ ಇಲ್ಲ. ಆದರೆ ತಪ್ಪು ಮಾಡಿದವಳ ಹೆಸರಿದೆ. ಅದು ನಾನು, ಗಿರಿಜಾ. ಇದನ್ನು ಓದಿ ಯಾರಿಗಾದರೂ ಮುಜುಗರವಾದರೆ ಆಗಲಿ. ನನಗೀಗ ಯಾರ ಹಂಗೂ ಇಲ್ಲ, ಮೊದಲೂ ಬಹಳ ಇರಲಿಲ್ಲ.

ನಾನು ಮೊದಲು ಸೇರಿದ್ದು ಲಿಂಗಸುಗೂರಿನ ಒಂದು ಸಣ್ಣ ಆಸ್ಪತ್ರೆಗೆ. ಫಿಜಿಯೋಥೆರಪಿ ಎಂಬ ಶಬ್ದ ಆಗ ಯಾರ ಬಾಯಲ್ಲೂ ನಿಲ್ಲುತ್ತಿರಲಿಲ್ಲ. ನನ್ನನ್ನು 'ಕಸರತ್ ಬಾಯಿ', ಅಂದರೆ ಕಸರತ್ತಿನ ಅಮ್ಮ, ಎನ್ನುತ್ತಿದ್ದರು. ನನ್ನ ಕೋಣೆಯಲ್ಲಿ ಇದ್ದದ್ದು ಎರಡೇ ಸಾಮಾನು. ಒಂದು ಕಾವು ಕೊಡುವ ಮಷೀನು, ಇನ್ನೊಂದು ಕತ್ತು ಜಗ್ಗುವ ಮಷೀನು. ಕತ್ತು ನೋವು ಎಂದು ಬಂದವರಿಗೆಲ್ಲ ಅಲ್ಲಿಯ ಡಾಕ್ಟರು ಹತ್ತು ದಿನ ಜಗ್ಗಿಸಲು ಬರೆದು ಕಳಿಸುತ್ತಿದ್ದರು. ಗದ್ದಕ್ಕೆ ಪಟ್ಟಿ ಕಟ್ಟಿ, ಹಗ್ಗಕ್ಕೆ ತೂಕ ತೂಗುಹಾಕಿ ಕೂರಿಸುವುದು ನನ್ನ ಕೆಲಸ. ಎರಡು ವರ್ಷ ಅದನ್ನೇ ಮಾಡಿದೆ, ತಲೆ ಕೆಡಿಸಿಕೊಳ್ಳಲಿಲ್ಲ.

ಮೆಹಬೂಬ್ ಸಾಬರು ಮುದಗಲ್ಲಿನ ದರ್ಜಿ. ಕತ್ತು ಜಗ್ಗಿಸಿಕೊಳ್ಳಲು ಚೀಟಿ ಹಿಡಿದು ಬಂದರು. ಬಾಗಿಲಲ್ಲಿ ಅವರ ಒಂದು ಕಾಲಿನ ಚಪ್ಪಲಿ ಕಳಚಿ ಬಿತ್ತು. ಅವರು ಹಾಗೇ ನಡೆದು ಬಂದು ಕುರ್ಚಿಯಲ್ಲಿ ಕೂತರು.

"ಚಪ್ಪಲಿ ಅಲ್ಲೇ ಬಿದ್ದೈತಲ್ರೀ ಸಾಬ್ರ" ಎಂದೆ.

"ಕಾಲಾಗ ಅದಾವಲ್ರೀ ಬಾಯಿ" ಎಂದು ಕೆಳಗೆ ನೋಡಿದರು. ಒಂದೇ ಇತ್ತು. ನಕ್ಕುಬಿಟ್ಟರು. "ಹಿಂಗ ಆಗಾಕತ್ತೈತ್ರಿ. ಗೊತ್ತಾ ಆಗಂಗಿಲ್ಲ. ಗುಂಡಿಗೆ ಕಾಜ ಹಾಕಾಕ ಸೂಜಿ ಹಿಡದ್ರ ಸೂಜೀನೂ ಬೀಳ್ತೈತಿ."

ನಾನು ನಗಲಿಲ್ಲ. ಕಾಲಿನ ಚಪ್ಪಲಿ ಗೊತ್ತಾಗದೆ ಕಳಚುವುದು, ಬೆರಳಿನ ಹಿಡಿತ ತಪ್ಪುವುದು ಬರೀ ಕತ್ತು ನೋವಲ್ಲ. ಕತ್ತಿನ ಎಲುಬಿನೊಳಗೆ ಬೆನ್ನುಹುರಿ ಒತ್ತಿಕೊಂಡಿದೆ ಎಂಬ ಸೂಚನೆ. ಅಂಥ ಕತ್ತನ್ನು ಜಗ್ಗಬಾರದು. ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. "ಡಾಕ್ಟರ್ ನೀ ಅದೀಯೋ, ನಾ ಅದೀನೋ?" ಎಂದು ಕೇಳಿದರು.

"ನೀವ ಡಾಕ್ಟರ್ರಿ ಸರ್. ಹಗ್ಗ ಕಟ್ಟೂದು ನನ್ನ ಕೈ. ಈ ಕತ್ತಿಗೆ ಈ ಕೈ ಕಟ್ಟಂಗಿಲ್ಲ" ಎಂದೆ. ನನ್ನ ವಯಸ್ಸು ಆಗ ಇಪ್ಪತ್ತನಾಲ್ಕು. ಮೂರು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಸಾಬರನ್ನು ಸ್ಕ್ಯಾನ್ ಮಾಡಿಸಲು ದೊಡ್ಡ ಊರಿಗೆ ಕಳಿಸಿದರು. ಅಲ್ಲಿಯೇ ಕತ್ತಿನ ಆಪರೇಷನ್ ಆಯಿತು.

ಕತ್ತಿನ ಆಪರೇಷನ್ನಿನ ನಂತರ ಹೆಗಲು ಸೋಲುವ ರೋಗವನ್ನು ನಾನು ಈ ವೃತ್ತಿಯಲ್ಲಿ ಮೊದಲ ಸಲ ಕಂಡದ್ದು ಆಗ. ಸಾಬರು ಆಪರೇಷನ್ ಮುಗಿಸಿ ಎದ್ದಾಗ ಎರಡೂ ಕೈ ಚೆನ್ನಾಗಿದ್ದವಂತೆ. ನಾಲ್ಕನೆಯ ಬೆಳಿಗ್ಗೆ ಚಹಾ ಕಪ್ಪು ತೆಗೆದುಕೊಳ್ಳಲು ಹೋದರೆ ಎಡಗೈ ಮೇಲೇಳಲಿಲ್ಲ. ಮನೆಗೆ ಕರೆತಂದ ಮೇಲೆ ಮುದಗಲ್ಲಿನ ತುಂಬ ಒಂದೇ ಮಾತು, ಲಕ್ವಾ ಹೊಡೆದಿದೆ. ಕಿಟಕಿ ಮುಚ್ಚಿದರು, ಪಾರಿವಾಳದ ಸಾರು ಕುಡಿಸಿದರು, ಎಣ್ಣೆ ಉಜ್ಜುವವನನ್ನು ಕರೆಸಿದರು. ನಾನು ಬಸ್ಸು ಹತ್ತಿ ಹೋಗಿ ನೋಡಿದೆ. ಬೆರಳಿನ ಹಿಡಿತ ಮೊದಲಿಗಿಂತ ಗಟ್ಟಿಯಾಗಿತ್ತು. ಚಪ್ಪಲಿ ಕಾಲಲ್ಲೇ ಇತ್ತು. ಹೆಗಲು ಮಾತ್ರ ಏಳುತ್ತಿರಲಿಲ್ಲ, ಮೊಣಕೈ ಮಡಚುವುದೂ ಸೋತಿತ್ತು. ಕಿಟಕಿ ತೆಗೆಸಿದೆ. ಇದು ಲಕ್ವಾ ಅಲ್ಲ, ಒಂದೇ ಒಂದು ನರದ ಮುನಿಸು ಎಂದೆ. ಆರು ತಿಂಗಳು ಮಲಗಿಸಿ, ಕೂರಿಸಿ, ನಿಲ್ಲಿಸಿ ಕಸರತ್ತು ಮಾಡಿಸಿದೆ. ಅವರು ಮತ್ತೆ ಬಟ್ಟೆ ಕತ್ತರಿಸಿದರು. ಮೊದಲು ಹೊಲಿದದ್ದು ನನ್ನ ರವಿಕೆ. ಒಂದು ತೋಳು ತುಸು ಬಿಗಿಯಾಗಿತ್ತು, ನಾನು ಹೇಳಲಿಲ್ಲ.

ಇದನ್ನು ಹೊಸಬರು ತಿಳಿದಿರಬೇಕು. ಕತ್ತಿನಲ್ಲಿ ಐದನೆಯ ನರ ಗಿಡ್ಡ. ಅದು ಬೆನ್ನುಹುರಿಯಿಂದ ಹೆಚ್ಚುಕಡಿಮೆ ನೇರವಾಗಿ ಅಡ್ಡಕ್ಕೆ ಹೊರಟು, ಎಲುಬುಗಳ ನಡುವಿನ ಕಿಂಡಿಯಲ್ಲಿ ತೂರಿ ಹೆಗಲಿಗೆ ಹೋಗುತ್ತದೆ. ಹಿಂದಿನಿಂದ ಎಲುಬು ತೆರೆದು ಜಾಗ ಮಾಡಿಕೊಟ್ಟಾಗ, ಬಹಳ ದಿನ ಒತ್ತಿಕೊಂಡಿದ್ದ ಬೆನ್ನುಹುರಿ ಹಿಂದಕ್ಕೆ ಸರಿಯುತ್ತದೆ. ಉದ್ದ ಸಾಲದ ಆ ನರ ಆಗ ಎಳೆದಂತಾಗುತ್ತದೆ ಎನ್ನುತ್ತಾರೆ. ಕಿಂಡಿ ಮೊದಲೇ ಇಕ್ಕಟ್ಟಾಗಿದ್ದರೆ ಅಪಾಯ ಹೆಚ್ಚು. ವಯಸ್ಸಾದವರಲ್ಲಿ, ಗಂಡಸರಲ್ಲಿ, ಬೆನ್ನುಹುರಿಯ ಮುಂದೆ ಎಲುಬುಗಳನ್ನು ಕಟ್ಟಿರುವ ಪಟ್ಟಿ ಎಲುಬಿನಂತೆ ಗಟ್ಟಿಯಾದವರಲ್ಲಿ, ಒಂದೇ ಸಲಕ್ಕೆ ಹಲವು ಎಲುಬು ತೆರೆಸಿಕೊಂಡವರಲ್ಲಿ ಹೆಚ್ಚು. ಆಪರೇಷನ್ನಿಗೆ ಮೊದಲೇ ಹೆಗಲು ಕೊಂಚ ಸೋತಿದ್ದರೆ ಅದನ್ನೂ ಎಚ್ಚರಿಕೆ ಎಂದೇ ತಿಳಿಯಬೇಕು. ಸರ್ಜನ್ ಎಷ್ಟೇ ನುರಿತವರಾದರೂ ಇದು ಬರಬಹುದು. ಬಹಳ ಮಂದಿಗೆ ತಿಂಗಳುಗಳಲ್ಲಿ ವಾಸಿಯಾಗುತ್ತದೆ, ಕೆಲವರಿಗೆ ಪೂರ್ತಿ ಆಗುವುದಿಲ್ಲ. ಹಾಗಾಗಿ ಆಪರೇಷನ್ನಿನ ಮೊದಲು ಹೆಗಲನ್ನು ನೋಡಿ ಬರೆದಿಡುವುದು ದೊಡ್ಡ ಕೆಲಸ. ಅದು ಫಿಜಿಯೋಥೆರಪಿಯವರ ಪಾಲಿಗೆ ಬರುತ್ತದೆ.

ಹೆಗಲಿನ ಬಲ ನೋಡಲು ಪುಸ್ತಕ ಹೇಳುವ ಕ್ರಮ ಸರಳ. ರೋಗಿ ಕೈಯನ್ನು ಪಕ್ಕಕ್ಕೆ ಎತ್ತಬೇಕು, ನಾವು ಕೆಳಗೆ ಒತ್ತಬೇಕು, ರೋಗಿ ತಡೆಯಬೇಕು. ನಮ್ಮ ಕಡೆ ಇದು ನಡೆಯುವುದಿಲ್ಲ. ನಾನು ಒತ್ತಿದ ಕೂಡಲೇ ಹಿರಿಯರು ಮರ್ಯಾದೆಯಿಂದ ಕೈ ಇಳಿಸಿಬಿಡುತ್ತಿದ್ದರು. "ತಡೀರಿ ಯಜಮಾನ್ರ" ಎಂದರೆ, "ಹೆಣ್ಮಗಳ ಜೋಡಿ ಏನ್ ಜೋರು ಮಾಡೂದ್ರಿ" ಎನ್ನುತ್ತಿದ್ದರು. ಗಟ್ಟಿ ಹೆಗಲೂ ಸೋತ ಹೆಗಲೂ ನನ್ನ ಕೈಗೆ ಒಂದೇ ಆಗಿ ಸಿಗುತ್ತಿದ್ದವು.

ಅದಕ್ಕೆ ನಾನೇ ಒಂದು ದಾರಿ ಮಾಡಿಕೊಂಡೆ. ಗಂಡಸರಿಗೆ ತಲೆಯ ಪಟಗ ಬಿಚ್ಚಿ ಮತ್ತೆ ಸುತ್ತಿಕೊಳ್ಳಲು ಹೇಳುತ್ತಿದ್ದೆ. ಅಷ್ಟುದ್ದದ ಬಟ್ಟೆಯನ್ನು ತಲೆಗೆ ಸುತ್ತಬೇಕಾದರೆ ಎರಡೂ ಮೊಣಕೈ ಕಿವಿಯ ಮಟ್ಟದಲ್ಲಿ ಬಹಳ ಹೊತ್ತು ನಿಲ್ಲಬೇಕು. ಸೋತ ಹೆಗಲು ಮೂರನೆಯ ಸುತ್ತಿಗೆ ಇಳಿದುಬಿಡುತ್ತದೆ. ಹೆಂಗಸರಿಗೆ ತುರುಬು ಬಿಚ್ಚಿ ಕಟ್ಟಲು ಹೇಳುತ್ತಿದ್ದೆ. ಜವಳಗೇರಾದ ಒಬ್ಬ ಅಜ್ಜಿ, ಕೂದಲೇ ಉಳಿದಿರಲಿಲ್ಲ, "ಇಲ್ಲದ್ದು ಕಟ್ಟಂದ್ರ ಹ್ಯಾಂಗ ಕಟ್ಟಲಬೇ" ಎಂದು ನನ್ನನ್ನು ಬೈದರು. ಅವರಿಗೆ ಗೋಡೆಯ ಮೇಲಿನ ಕ್ಯಾಲೆಂಡರು ತೆಗೆದು ತಗಲಿಸಲು ಹೇಳಿದೆ.

ಸಿಂಧನೂರಿನ ದೊಡ್ಡ ಆಸ್ಪತ್ರೆಗೆ ಬಂದ ಮೇಲೆ ಈ ಪಟಗದ ಪರೀಕ್ಷೆಗೆ ಹೆಸರು ಬಂತು. ಅಲ್ಲಿಗೆ ಹೊರಗಿನಿಂದ ಸರ್ಜನ್ ಒಬ್ಬರು ಬಂದು ಕತ್ತಿನ ಆಪರೇಷನ್ ಮಾಡುತ್ತಿದ್ದರು. "ಗಿರಿಜಾ ಮೇಡಂ ನೋಡಿದ್ದಾರಾ? ಹಾಗಾದರೆ ಸರಿ" ಎನ್ನುತ್ತಿದ್ದರು. ಆ ಮಾತು ಕೇಳಿ ಕೇಳಿ ನನಗೆ ಕೊಂಬು ಮೂಡಿತು. ನೋಡುವವಳು ನಿಧಾನಕ್ಕೆ ಕೇಳುವವಳಾದೆ. ರೋಗಿಗಳು ಜಾಸ್ತಿಯಾದರು, ಒಂದು ಪಟಗ ಬಿಚ್ಚಿ ಸುತ್ತಲು ಹಿಡಿಯುವ ಸಮಯ ದುಬಾರಿ ಎನಿಸತೊಡಗಿತು.

ಅಂಥ ಒಂದು ದಿನ ಬಳಗಾನೂರಿನ ಅಮರಪ್ಪ ಬಂದರು. ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷ ಕತ್ತಿನ ಮೇಲೆ ಚೀಲ ಹೊತ್ತವರು. ಅರವತ್ತು ದಾಟಿತ್ತು. ಕತ್ತಿನಲ್ಲಿ ಬೆನ್ನುಹುರಿ ಒತ್ತಿಕೊಂಡು ನಡಿಗೆ ಕೆಟ್ಟಿತ್ತು, ಮರುದಿನ ಕತ್ತಿನ ಆಪರೇಷನ್ ಇತ್ತು. ತಲೆಯ ಮೇಲೆ ಬಿಳಿ ಪಟಗ, ಒಂದು ಸುತ್ತೂ ಆಚೀಚೆ ಆಗಿರಲಿಲ್ಲ. ಹೊರಗೆ ಇನ್ನೂ ಹನ್ನೊಂದು ಜನ ಕೂತಿದ್ದರು.

"ಪಟಗ ನೀವ ಸುತ್ಕೋತೀರೇನ್ರಿ?" ಎಂದು ಕೇಳಿದೆ.

"ನಾನ ಸುತ್ಕೋತೀನ್ರಿ. ಮತ್ಯಾರ್ ಸುತ್ತಬೇಕ್ರಿ?"

"ದಿನಾ?"

"ದಿನಾರೀ."

'ಪಟಗ ತಾವೇ ಸುತ್ತಿಕೊಳ್ಳುತ್ತಾರೆ, ಎರಡೂ ಹೆಗಲು ಪೂರ್ತಿ ಬಲ' ಎಂದು ಬರೆದು ಸಹಿ ಮಾಡಿದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂರನೆಯ ಬೆಳಿಗ್ಗೆ ಬಲಗೈ ಏಳಲಿಲ್ಲ. ನಾನು ಹೋದಾಗ ಅಮರಪ್ಪ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರ ತಮ್ಮ ದುರಗಪ್ಪ ವಾರ್ಡಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಮಾತಾಡುತ್ತಿದ್ದರು. "ಕಾಲಿಗಂತ ಬಂದ್ವಿ, ಕೈ ಕಳಕೊಂಡ್ವಿ. ಛಲೋ ಇದ್ದ ಕೈ ಇದು. ನಿಮ್ಮ ಕಾಗದದಾಗ ನೀವ ಬರದೀರಿ, ಪೂರ್ತಿ ಬಲ ಅಂತ."

ಮಧ್ಯಾಹ್ನ ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರು ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನ ಹಾಳೆ ಇತ್ತು, ಪಕ್ಕದಲ್ಲಿ ಅದೇ ನಮೂನೆಯ ಖಾಲಿ ಹಾಳೆ.

"ಇದನ್ನ ಹರೀರಿ. ಈ ಖಾಲಿ ಹಾಳ್ಯಾಗ ಬಲಹೆಗಲು ಮೊದಲ ವೀಕ್ ಇತ್ತು ಅಂತ ಬರೀರಿ. ಅದೇ ತಾರೀಖು ಹಾಕ್ರಿ" ಎಂದರು.

"ಇರಲಿಲ್ಲ ಸರ್."

"ಇತ್ತೋ ಇಲ್ಲೋ ಈಗ ಯಾರಿಗೆ ಗೊತ್ತು? ಆಸ್ಪತ್ರೆ ಉಳೀಬೇಕೋ ಬ್ಯಾಡೋ?"

"ಆಸ್ಪತ್ರೆ ಉಳೀಲ್ರಿ. ನನ್ನ ಸಹಿ ಒಮ್ಮೆ ಬೀಳ್ತೈತಿ, ಎರಡು ಸಲ ಬೀಳಂಗಿಲ್ಲ" ಎಂದು ಎದ್ದು ಬಂದೆ. ಬಹಳ ಹೆಮ್ಮೆಯಿಂದ ಬಂದೆ. ಸುಳ್ಳು ಬರೆಯೆಂದರೆ ಬರೆಯದವಳು ನಾನು ಎಂದುಕೊಂಡು ಮೆಟ್ಟಿಲು ಇಳಿದೆ. ಆ ಹೆಮ್ಮೆಗೆ ಎರಡು ದಿನದ ಆಯುಷ್ಯವೂ ಇರಲಿಲ್ಲ.

ಮರುದಿನ ಅಮರಪ್ಪನವರನ್ನು ಮನೆಗೆ ಕಳಿಸುವ ಹೊತ್ತು. ಸೋತ ಕೈ ಜೋತುಬೀಳದಂತೆ ಕೊರಳಿನಿಂದ ಬಟ್ಟೆಯ ಜೋಳಿಗೆ ಕಟ್ಟಲು ಹೋಗಿದ್ದೆ. ಅವರ ಹೆಂಡತಿ ಹುಲಿಗೆಮ್ಮ ಚೀಲದಿಂದ ಪಟಗ ತೆಗೆದು ಕೊಡವಿದರು. ಅಮರಪ್ಪ ಮಂಚದ ಮೇಲೆ ಬಲಮೊಣಕಾಲು ಮಡಚಿ ನಿಲ್ಲಿಸಿದರು. ಬಟ್ಟೆಯ ತುದಿಯನ್ನು ಆ ಮೊಣಕಾಲ ಮೇಲಿಟ್ಟು, ಎಡಗೈಯಿಂದ ಅದರ ಸುತ್ತ ಸುತ್ತತೊಡಗಿದರು. ಬಟ್ಟೆ ಜಾರಿತು. ಹುಲಿಗೆಮ್ಮ ಕೂತು ತುದಿ ಹಿಡಿದುಕೊಂಡರು.

"ಮೊದಲಾದ್ರ ಎರಡೂ ಕೈಲೆ ಮೊಳಕಾಲ ಮ್ಯಾಲ ಸುತ್ತಿ ತಲಿಗಿ ಇಟ್ಕೋತಿದ್ದ. ಈಗ ನಾ ಒಂದ್ ಕೈ ಆಗ್ಬೇಕು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

ಜೋಳಿಗೆ ನನ್ನ ಕೈಯಲ್ಲೇ ಉಳಿಯಿತು. "ಮೊದಲಿಂದ ಮೊಳಕಾಲ ಮ್ಯಾಲ ಸುತ್ತೂದೇನ್ರಿ?"

"ಮೊದಲಿಂದ ಅಲ್ರಿ. ಒಂದ್ ವರ್ಷ ಆತು. ಬಲಗೈ ಮ್ಯಾಲ ಹಿಡದ್ರ ಸೋಲತಿತ್ತಂತ. ಮಂದಿ ಮುಂದ ಹೇಳ್ಬ್ಯಾಡ ಅಂದಿದ್ದ. ಹಮಾಲಿ ಕೈ ಸೋತೈತಿ ಅಂದ್ರ ಮಿಲ್ಲಿನಾಗ ಯಾರ್ ಕರೀತಾರ್ರಿ?"

ಅಮರಪ್ಪ ನನ್ನ ಮುಖ ನೋಡಲಿಲ್ಲ. "ನಾ ಸುಳ್ಳ ಹೇಳಿಲ್ರಿ ಮೇಡಂ. ನಾನ ಸುತ್ಕೋತೀನಿ ಅಂದೆ. ಎಲ್ಲಿ ಸುತ್ಕೋತಿ ಅಂತ ನೀವ್ ಕೇಳಲಿಲ್ಲ."

ಕೇಳಿರಲಿಲ್ಲ. ಕೇಳುವ ಮಾತು ಹಾಗಿರಲಿ, ನೋಡಿಯೇ ಇರಲಿಲ್ಲ. ನೋಡಲೆಂದೇ ಕಟ್ಟಿಕೊಂಡ ಪರೀಕ್ಷೆಯನ್ನು ನಾನೇ ಬಾಯಿಮಾತಿಗೆ ಇಳಿಸಿದ್ದೆ. ಇದೇ ಕಡೆಯವಳಾಗಿ, ನನ್ನ ಸ್ವಂತ ಅಜ್ಜ ಮೊಣಕಾಲ ಮೇಲೆ ಪಟಗ ಸುತ್ತಿಟ್ಟುಕೊಳ್ಳುವುದನ್ನು ನೋಡಿ ಬೆಳೆದವಳಾಗಿ, ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಅಲ್ಲೇ ಕಣ್ಣಲ್ಲಿ ನೀರು ಬಂತು. ನಾಚಿಕೆಯ ನೀರು ಅದು, ಮರುಕದ್ದಲ್ಲ.

ಈಗ ನೋಡಿರಿ ನನ್ನ ಫಜೀತಿ. ದೊಡ್ಡ ಡಾಕ್ಟರು ಬರೆಯಿರಿ ಎಂದದ್ದೇ ನಿಜವಾಗಿತ್ತು. ಹೆಗಲು ಮೊದಲೇ ಸೋತಿತ್ತು. ಆ ಖಾಲಿ ಹಾಳೆಯಲ್ಲಿ ಹಳೆಯ ತಾರೀಖು ಹಾಕಿ ಬರೆದುಬಿಟ್ಟರೆ ಸುಳ್ಳೂ ಆಗುತ್ತಿರಲಿಲ್ಲ, ಆಸ್ಪತ್ರೆಯೂ ಉಳಿಯುತ್ತಿತ್ತು, ನನ್ನ ಹೆಸರೂ ಉಳಿಯುತ್ತಿತ್ತು. ಕೆಡುತ್ತಿದ್ದವರು ಅಮರಪ್ಪ ಒಬ್ಬರೇ. ಆ ಕೈಗೆ ಏನಾಯಿತು, ಯಾರು ಏನನ್ನು ನೋಡದೆ ಬಿಟ್ಟರು ಎಂಬುದು ಅವರಿಗೆ ಎಂದಿಗೂ ತಿಳಿಯುತ್ತಿರಲಿಲ್ಲ.

ಹಳೆಯ ಹಾಳೆಯನ್ನು ಹಾಗೇ ಇಟ್ಟು ಅದರ ಕೆಳಗೆ ಅಂದಿನ ತಾರೀಖು ಹಾಕಿ ಬರೆದೆ. 'ಮೇಲಿನ ನನ್ನ ಟಿಪ್ಪಣಿ ತಪ್ಪು. ನಾನು ರೋಗಿಯನ್ನು ಕೇಳಿದೆ, ನೋಡಲಿಲ್ಲ. ಒಂದು ವರ್ಷದಿಂದ ಬಲಗೈ ಮೇಲೆ ಹಿಡಿದರೆ ಸೋಲುತ್ತಿತ್ತೆಂದು ಹೆಂಡತಿ ಇಂದು ತಿಳಿಸಿದರು.' ಕೆಳಗೆ ಸಹಿ.

ದೊಡ್ಡ ಡಾಕ್ಟರು ಅದನ್ನು ಓದಿ ಕನ್ನಡಕ ತೆಗೆದರು. "ಮೊದಲ ವೀಕ್ ಇತ್ತು ಅನ್ನೂದಷ್ಟ ಸಾಕಾಗಿತ್ತಲ್ಲ. ನೋಡಲಿಲ್ಲ ಅಂತ ಯಾಕ ಬರದ್ರಿ? ನಮ್ಮ ಕುತ್ತಿಗಿಗೆ ನಾವ ಹಗ್ಗ ಹಾಕ್ಕೊಂಡಂಗ ಆತು."

"ನೋಡಲಿಲ್ಲ ಅದಕ್ಕ ಬರದೆ ಸರ್."

ಸರ್ಜನ್ ಕೂಡ ಅಲ್ಲೇ ಕೂತಿದ್ದರು. ಅವರು ಹಾಳೆಯನ್ನು ಎರಡು ಸಲ ಓದಿದರು. ಮೊದಲೇ ತಿಳಿದಿದ್ದರೆ ಆ ಕಿಂಡಿಯನ್ನು ಸ್ಕ್ಯಾನಿನಲ್ಲಿ ಇನ್ನೊಮ್ಮೆ ನೋಡುತ್ತಿದ್ದೆ, ಬೇಕಿದ್ದರೆ ಅಗಲ ಮಾಡುತ್ತಿದ್ದೆ, ಆದರೂ ಕೈ ಸೋಲುತ್ತಿರಲಿಲ್ಲ ಎಂದು ಹೇಳಲಾರೆ ಎಂದರು. ಆಮೇಲೆ ಹಾಳೆಯನ್ನು ಮೇಜಿನ ಮೇಲಿಟ್ಟು, "ನಾನೂ ಅವರ ಕೈ ಎತ್ತಿಸಿ ನೋಡಲಿಲ್ಲ. ನಿಮ್ಮ ಟಿಪ್ಪಣಿ ಓದಿದೆ ಅಷ್ಟೇ. ಇದು ಹೀಗೇ ಇರಲಿ" ಎಂದರು. ಇಷ್ಟು ವರ್ಷದಲ್ಲಿ ಮೇಲಿನವರೊಬ್ಬರು ತಮ್ಮ ಪಾಲಿನ ತಪ್ಪನ್ನು ಬಾಯಿಬಿಟ್ಟು ಹೇಳಿದ್ದನ್ನು ಕೇಳಿದ್ದು ಅದೊಂದೇ ಸಲ.

ಆಸ್ಪತ್ರೆಯ ಅಂಗಳದಲ್ಲಿ ಅಮರಪ್ಪ, ಹುಲಿಗೆಮ್ಮ, ದುರಗಪ್ಪ ಮೂವರನ್ನೂ ಕೂರಿಸಿಕೊಂಡು ನಾನೇ ಹೇಳಿದೆ. ನೋಡದೆ ಬರೆದದ್ದು ನನ್ನ ತಪ್ಪು ಎಂದೆ, ಹಾಳೆಯ ನಕಲು ಕೊಟ್ಟೆ, ಎಲ್ಲಿ ಬೇಕಾದರೂ ತೋರಿಸಿ ಎಂದೆ. ದುರಗಪ್ಪ ಬಯ್ದರು. ಬಯ್ಯಲಿ ಎಂದು ಕೂತೆ. ಹುಲಿಗೆಮ್ಮ ಮಾತ್ರ ಒಂದೇ ಮಾತು ಕೇಳಿದರು, "ಕೈ ಬರ್ತೈತೋ ಇಲ್ಲೋ ಅದ ಹೇಳ್ರಿ."

"ಬಹಳ ಮಂದಿಗೆ ಬಂದೈತ್ರಿ. ಇವ್ರಿಗೆ ಬರ್ತೈತಿ ಅಂತ ಮಾತು ಕೊಡಾಕ ಆಗಂಗಿಲ್ಲ. ಬರೂ ತನಕ ನಾ ಬಿಡಂಗಿಲ್ಲ, ಅದೊಂದು ಮಾತು ಕೊಡ್ತೀನಿ."

ಆ ತಿಂಗಳ ಕೊನೆಗೆ ಆಸ್ಪತ್ರೆ ನನ್ನನ್ನು ಬಿಟ್ಟಿತು. ನಾನೇ ಬಿಟ್ಟೆ ಎಂದು ಬರೆದುಕೊಡಲು ಹೇಳಿದರು. ಅದನ್ನೂ ಬರೆದುಕೊಡಲಿಲ್ಲ. ಮಸ್ಕಿಯಲ್ಲಿ ಒಂದು ಕೋಣೆ ಹಿಡಿದೆ. ಒಂದು ಮಂಚ, ಒಂದು ಕನ್ನಡಿ, ಬಾಗಿಲ ಚೌಕಟ್ಟಿಗೆ ಬಾವಿಯ ರಾಟಿ ಮತ್ತು ಹಗ್ಗ. ಬಳಗಾನೂರಿನ ಬಸ್ಸಿಗೆ ಅಮರಪ್ಪ ವಾರಕ್ಕೆ ಎರಡು ಸಲ ಬರುತ್ತಿದ್ದರು. ಮಲಗಿಸಿ ನಾನೇ ಕೈ ಎತ್ತುತ್ತಿದ್ದೆ, ಹೆಗಲು ಜಡ್ಡುಗಟ್ಟಬಾರದೆಂದು. ಎರಡು ತಿಂಗಳು ಆ ಕೈ ನನ್ನ ಕೈಯಲ್ಲಿ ಒದ್ದೆ ಚೀಲದ ಹಾಗೆ ಇತ್ತು. ಒಂದು ದಿನ ಅವರು, "ನಿಮಗ್ಯಾಕ ಈ ತ್ರಾಸು ಮೇಡಂ, ನಿಮ್ ಕೆಲಸಾನೂ ಹೋತು, ಸಾಕು ಬಿಡ್ರಿ" ಎಂದರು. ನನಗೆ ರೇಗಿತು. "ನನ್ ಕೆಲಸ ಹೋದ್ರ ಹೋಗ್ಲಿ, ನಿಮ್ ಕೈ ಎತ್ರಿ" ಎಂದು ಗದರಿದೆ. ಅಂದು ಮೊದಲ ಸಲ ಹೆಗಲಿನ ಮಾಂಸ ನನ್ನ ಬೆರಳಿನ ಕೆಳಗೆ ಒಮ್ಮೆ ಮಿಡಿಯಿತು. ಅವರಿಗೆ ಗೊತ್ತಾಗಲಿಲ್ಲ. ನಾನು ಮುಖ ತಿರುಗಿಸಿಕೊಂಡು ಹಗ್ಗ ಸರಿಮಾಡಿದೆ.

ಈಗಿನವರು ಮೊಬೈಲಿನಲ್ಲಿ ನಮೂನೆ ತೆರೆದು, ಮೂವತ್ತು ಪ್ರಶ್ನೆ ಕೇಳಿ, ಹೌದು ಅಲ್ಲ ಎಂದು ಒತ್ತುತ್ತಾ ಹೋಗುತ್ತಾರೆ. ರೋಗಿಯ ಮುಖಕ್ಕಿಂತ ಮೊಬೈಲನ್ನೇ ಹೆಚ್ಚು ನೋಡುತ್ತಾರೆ. ನನ್ನನ್ನು ಹಳೆಯ ಕಾಲದವಳು ಎನ್ನಿರಿ, ಪರವಾಗಿಲ್ಲ. ಜನ ಸುಳ್ಳು ಹೇಳುವುದಿಲ್ಲ, ಆದರೆ ಸೋತ ಕೈಯನ್ನು ಮುಚ್ಚಿಡಲು ಅವರಿಗೆ ನೂರು ಉಪಾಯ ಗೊತ್ತು, ಮುಚ್ಚಿಡದಿದ್ದರೆ ಕೂಲಿ ಹೋಗುತ್ತದೆ. ನೀವು ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಉಳಿದದ್ದನ್ನು ನಿಮ್ಮ ಕಣ್ಣು ನೋಡಬೇಕು. ಅಷ್ಟು ಸಮಯ ಇಲ್ಲ ಎನ್ನುವ ಮಾಲೀಕರಿಗೆ, ಸಮಯ ಇಲ್ಲದಿದ್ದರೆ ಸಹಿಯೂ ಇಲ್ಲ ಎಂದು ಹೇಳಿರಿ. ಕೆಲಸ ಹೋದರೆ ಮಸ್ಕಿಯಲ್ಲಿ ಕೋಣೆ ಖಾಲಿ ಇದೆ, ರಾಟಿ ಹಗ್ಗವನ್ನೂ ಬಿಟ್ಟು ಬಂದಿದ್ದೇನೆ.

ಆಪರೇಷನ್ ಆದ ಒಂಬತ್ತನೆಯ ತಿಂಗಳಲ್ಲಿ ಅಮರಪ್ಪ ಒಬ್ಬರೇ ಬಂದರು. ತಲೆಯ ಮೇಲೆ ಪಟಗ ಇರಲಿಲ್ಲ, ಕಂಕುಳಲ್ಲಿ ಮಡಚಿ ತಂದಿದ್ದರು. ಮಂಚದ ಮೇಲೆ ಕೂತು, ರೂಢಿಯಿಂದ ಮೊಣಕಾಲು ಮಡಚಿ ನಿಲ್ಲಿಸಿದರು.

"ಮೊಳಕಾಲ ಕೆಳಗ ಬಿಡ್ರಿ" ಎಂದೆ.

ಅವರು ಎದ್ದು ಕನ್ನಡಿಯ ಮುಂದೆ ನಿಂತರು. ಬಟ್ಟೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎರಡೂ ಕೈ ಮೇಲೆತ್ತಿದರು. ಒಂದು ಸುತ್ತು, ಎರಡು ಸುತ್ತು. ನಾಲ್ಕನೆಯದಕ್ಕೆ ಬಲಮೊಣಕೈ ನಡುಗಿ ಇಳಿಯತೊಡಗಿತು. ನಾನು ಹಿಡಿಯಲು ಕೈ ಚಾಚಿದೆ.

"ಕೈ ಹಚ್ಚಬ್ಯಾಡ್ರಿ" ಎಂದರು ಹಲ್ಲಿನ ಸಂದಿಯಿಂದ.

ಮೊಣಕೈ ಮತ್ತೆ ಮೇಲೆದ್ದಿತು. ಐದು, ಆರು, ಏಳು. ತುದಿ ಸಿಕ್ಕಿಸಿ ಕೈ ಇಳಿಸಿದರು. ಪಟಗ ಒಂದು ಕಡೆಗೆ ವಾಲಿತ್ತು, ಮೊದಲ ದಿನ ನಾನು ಕಂಡ ಪಟಗದ ಚಂದ ಅದಕ್ಕೆ ಇರಲಿಲ್ಲ. ಕನ್ನಡಿಯಲ್ಲೇ ನನ್ನನ್ನು ನೋಡಿದರು.

"ನೋಡಿದ್ರೇನ್ರಿ?"

"ನೋಡಿದೆ."

"ಹಂಗಾರ ಈಗ ಬರೀರಿ."